ಕನ್ನಡದ ಕಾನೂನು ಪದಗಳು: ಇತಿಹಾಸ

ಕನ್ನಡ ನಾಡಿನ ನ್ಯಾಯಾಲಯಗಳಲ್ಲಿ ಕಿವಿಗೆ ಬೀಳುವ ಪದಗಳಲ್ಲಿ ಅಚ್ಚಗನ್ನಡದವು ಕೆಲವೇ. ಉಳಿದವು ಹೆಚ್ಚಾಗಿ ಸಂಸ್ಕೃತ, ಅರಬಿ, ಫಾರಸಿ, ಇಂಗ್ಲಿಷಿನವು. ‘ಕಾನೂನು’ ಎಂಬ ಮಾತೇ ಗ್ರೀಕಿನಿಂದ ಅರಬಿಗೆ ಹೋಗಿ, ಫಾರಸಿಯ ಮೂಲಕ ಇಲ್ಲಿಗೆ ಬಂದದ್ದು.

ಕಲ್ಯಾಣದ ಚಾಲುಕ್ಯ ದೊರೆ 6ನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಅಲ್ಲಿ ‘ವ್ಯವಹಾರ’ ಎಂದರೆ ಕೊಡುಕೊಳ್ಳುವಿಕೆಯಲ್ಲ, ವ್ಯಾಜ್ಯ. ‘ಸಾಕ್ಷಿ’ ಎಂದರೆ ಕಣ್ಣಾರೆ ಕಂಡವನು. ಕಂಡ ಸಂಗತಿಯನ್ನು ಕಂಡವನೇ ಬಂದು ನುಡಿಯಬೇಕೆಂದು 1872ರ ಸಾಕ್ಷ್ಯ ಕಾಯಿದೆಯ 60ನೆಯ ಕಲಂ ಹೇಳಿದ್ದು ಆ ಪದದ ಹುಟ್ಟಿನಲ್ಲೇ ಇತ್ತು. ‘ತೀರ್ಪು’ ನಮ್ಮದೇ, ‘ತೀರು’ ಎಂಬುದರಿಂದ ಹುಟ್ಟಿದ್ದು.

ಸುಲ್ತಾನರ, ಮೊಗಲರ ಆಡಳಿತದೊಂದಿಗೆ ದಾವೆ, ಅರ್ಜಿ, ತಕರಾರು, ಜಪ್ತಿ, ವಾರಸುದಾರ ಬಂದವು. ಫೌಜು ಎಂದರೆ ಸೈನ್ಯ. ಸೀಮೆಯ ಶಾಂತಿ ಕಾಯುತ್ತಿದ್ದ ದಳಪತಿ ಫೌಜುದಾರ. ಕ್ರಿಮಿನಲ್ ಮೊಕದ್ದಮೆಗೆ ‘ಫೌಜುದಾರಿ’ ಎಂಬ ಹೆಸರು ನಿಂತದ್ದು ಹೀಗೆ. ಆಸ್ತಿ, ಸಾಲದ ವ್ಯಾಜ್ಯ ‘ದಿವಾಣಿ’ಯಾಯಿತು. ಕಂಪನಿ ಸರ್ಕಾರ ಈ ಪದಗಳನ್ನು ಕದಲಿಸಲಿಲ್ಲ. ಸಮನ್ಸು, ವಾರಂಟು, ಡಿಕ್ರಿ, ಅಪೀಲುಗಳನ್ನು ಅವುಗಳ ಪಕ್ಕ ತಂದು ಕೂರಿಸಿತು.

ಇವುಗಳಲ್ಲಿ ಜನ ಹೆಚ್ಚು ತಪ್ಪು ತಿಳಿಯುವ ಪದ ‘ಜಾಮೀನು’. ಅರಬಿಯಲ್ಲಿ ಅದು ಮತ್ತೊಬ್ಬರ ಪರವಾಗಿ ಹೊಣೆ ಹೊರುವ ವ್ಯಕ್ತಿಯ ಹೆಸರು. ಹಳಗನ್ನಡದ ‘ಪೊಣೆ’ಗೂ ಅದೇ ಅರ್ಥ. ಇಂದು ಜಾಮೀನು ಎಂದರೆ ಕರೆದಾಗ ಕೋರ್ಟಿಗೆ ಹಾಜರಾಗುತ್ತೇನೆಂಬ ಭರವಸೆಯ ಮೇಲೆ ಸಿಗುವ ಬಿಡುಗಡೆ; ಕೇಸು ಹಾಗೇ ನಡೆಯುತ್ತಿರುತ್ತದೆ. ಆರೋಪ ಸಾಬೀತಾಗದೆ ಕೋರ್ಟು ಬಿಡುಗಡೆ ಮಾಡಿದರೆ ಮಾತ್ರ ‘ಖುಲಾಸೆ’. ಜಾಮೀನು ಸಿಕ್ಕಿತೆಂದು ಊರಲ್ಲಿ ಸಿಹಿ ಹಂಚಿದವರು ಮುಂದಿನ ವಾಯಿದೆಗೆ ಹೋಗದೆ, ವಾರಂಟು ಮನೆಗೆ ಬಂದಾಗ ಕಂಗಾಲಾಗುವುದುಂಟು.

1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ ಶಿಕ್ಷೆಯ 302ನೆಯ ಕಲಂ 103 ಆಯಿತು. ಮೋಸಕ್ಕೆ ಅಡ್ಡಹೆಸರೇ ಆಗಿದ್ದ 420 ಈಗ 318. ಸಂಖ್ಯೆ ಬದಲಾದರೂ ‘ಆರೋಪಿ’ಗೂ ‘ಅಪರಾಧಿ’ಗೂ ಇರುವ ಅಂತರ ಬದಲಾಗಿಲ್ಲ. ತಪ್ಪು ಹೊರಿಸಲ್ಪಟ್ಟವನು ಆರೋಪಿ, ತಪ್ಪು ಸಾಬೀತಾದವನು ಅಪರಾಧಿ. ಪತ್ರಿಕೆಯಲ್ಲಿ ಬರೆಯುವವರೂ ಅರಳಿಕಟ್ಟೆಯಲ್ಲಿ ಮಾತಾಡುವವರೂ ತೀರ್ಪು ಬರುವ ತನಕ ಮೊದಲನೆಯ ಪದವನ್ನೇ ಬಳಸಬೇಕು.