ಬೀಜದೊಳಗಿನ ಜೀವವನ್ನು ಅರಸಿದ ಕನ್ನಡಿಗ

ಮೊಟ್ಟೆಯೊಳಗೆ ಅಥವಾ ಬೀಜದೊಳಗೆ ಜೀವಿಯು ಹೇಗೆ ರೂಪ ತಾಳುತ್ತದೆ ಎಂಬುದನ್ನು ತಿಳಿಸುವ ಶಾಸ್ತ್ರವೇ ಭ್ರೂಣಶಾಸ್ತ್ರ. 1827ರಲ್ಲಿ ಜರ್ಮನ್ ಮನೆತನದ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಸಸ್ತನಿಗಳ ಅಂಡಾಣುವನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಸಸ್ಯಗಳಲ್ಲಿ ಇಂಥದೇ ಶೋಧ ನಡೆಸಿದವರು ಜರ್ಮನಿಯ ಹಾಫ್‌ಮೈಸ್ಟರ್.

ಈ ಹಾದಿಯಲ್ಲಿ ನಡೆದ ಕನ್ನಡಿಗರು ಡಾ. ಬಿ.ಜಿ.ಎಲ್. ಸ್ವಾಮಿ. 1918ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಸಾಹಿತಿ ಡಿ.ವಿ. ಗುಂಡಪ್ಪನವರ ಸುಪುತ್ರರು. ಆರ್ಕಿಡ್ ಗಿಡಗಳ ಭ್ರೂಣವನ್ನು ಆಳವಾಗಿ ಅಭ್ಯಸಿಸಿದರು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರದ ದಾಸ್ತಾನು ಅದರಲ್ಲಿ ಇಲ್ಲವೆಂದೇ ಹೇಳಬೇಕು. ಅಂಥದರೊಳಗೆ ಜೀವದ ಹೆಜ್ಜೆ ಗುರುತಿಸಲು ಎಷ್ಟು ತಾಳ್ಮೆ ಬೇಕು! ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರೊ. ಬೇಲಿ ಅವರೊಡನೆ ಸಂಶೋಧನೆ ನಡೆಸಿದರು. ಮುಂದೆ ಒಂದು ಸಸ್ಯಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು.

ಇಷ್ಟೆಲ್ಲ ಕಲಿತವರು ಕನ್ನಡವನ್ನು ಮರೆಯಲಿಲ್ಲ. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಅಮೆರಿಕ ಖಂಡದಿಂದ ಬಂದವರೆಂಬ ಸಂಗತಿಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿದವರು ಬಲ್ಲರು. 1980ರಲ್ಲಿ ಅವರು ನಿಧನರಾದರು.

ಉರ್ದು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಜ್ಞಾನ ದಕ್ಕದು ಎಂದು ಅಂಜುವ ಮಕ್ಕಳು ಯಲವಿಗಿಯಲ್ಲೂ ಇದ್ದಾರೆ. ಇಲ್ಮ್‌ಗೆ ಭಾಷೆಯ ಬೇಲಿಯಿಲ್ಲ. ಮಾತೃಭಾಷೆಯಲ್ಲಿ ತಿಳಿದುಕೊಳ್ಳಿ, ಇಂಗ್ಲಿಷನ್ನೂ ಕಲಿಯಿರಿ. ನೆನೆಸಿದ ಒಂದು ಕಡಲೆಕಾಳನ್ನು ಬಿಡಿಸಿ ನೋಡಿ; ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.