ಹೆಸರೊಂದು, ಹೂರಣ ಇನ್ನೊಂದು: ಹಂಚಿಕೆ ಜಾಲಗಳ ನಕಲಿ ಕಡತಗಳು

ಒಂದು ಗಣಕಯಂತ್ರದಲ್ಲಿರುವ ಹಾಡು, ಚಲನಚಿತ್ರ, ಪುಸ್ತಕ ಅಥವಾ ತಂತ್ರಾಂಶವನ್ನು ಅಂತರ್ಜಾಲದ ಮೂಲಕ ಇನ್ನೊಬ್ಬರ ಗಣಕಯಂತ್ರಕ್ಕೆ ನೇರವಾಗಿ ದಾಟಿಸುವ ವ್ಯವಸ್ಥೆಗೆ ಪೀರ್ ಟು ಪೀರ್ ಎಂದು ಹೆಸರು. ಪಕ್ಕದ ಮನೆಗೆ ಹೆಪ್ಪು ಮಜ್ಜಿಗೆ ಕೊಟ್ಟು ತೆಗೆದುಕೊಂಡ ಹಾಗೆ ಎನ್ನಬಹುದು. 1999ರಲ್ಲಿ ಅಮೆರಿಕದ ಶಾನ್ ಫ್ಯಾನಿಂಗ್ ಎಂಬ ತರುಣ ಆರಂಭಿಸಿದ ನ್ಯಾಪ್‌ಸ್ಟರ್ ಇದನ್ನು ಮನೆಮಾತು ಮಾಡಿತು. ಹಾಡಿನ ಕಂಪೆನಿಗಳು ಕೋರ್ಟಿಗೆ ಹೋದವು, 2001ರಲ್ಲಿ ಅದು ನಿಂತಿತು. ನ್ಯಾಪ್‌ಸ್ಟರ್ ಬೆನ್ನಿಗೇ ಕಜಾ, ಇಮ್ಯೂಲ್, ಲೈಮ್‌ವೈರ್ ಕೂಡ ಬಂದವು. ಲೈಮ್‌ವೈರ್ 2010ರ ಅಕ್ಟೋಬರಿನಲ್ಲಿ ನ್ಯಾಯಾಲಯದ ಆದೇಶದಿಂದ ಮುಚ್ಚಿತು. 2001ರಲ್ಲಿ ಬ್ರ್ಯಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಇಂದಿಗೂ ಬಳಕೆಯಲ್ಲಿದೆ.

ಪಕ್ಕದ ಮನೆಯವರ ಗುರುತು ನಮಗಿರುತ್ತದೆ, ಇಲ್ಲಿ ಕೊಡುವವನ ಮುಖವೇ ಇಲ್ಲ. ಕಾಣುವುದು ಕಡತದ ಹೆಸರು ಮಾತ್ರ, ಅದನ್ನು ಬರೆದವನೂ ಅವನೇ. ಮೋಸದ ಬೇರು ಇರುವುದು ಇಲ್ಲೇ.

ನಕಲಿ ಕಡತ ಬಿಟ್ಟವರೆಲ್ಲ ವೈರಸ್ ಕಳ್ಳರಲ್ಲ ಎಂಬುದು ಸೋಜಿಗದ ಸಂಗತಿ. ಮೊದಲ ದೊಡ್ಡ ಸುಗ್ಗಿ ಮಾಡಿದ್ದು ಹಾಡಿನ ಕಂಪೆನಿಗಳ ಪರವಾಗಿ ದುಡಿದ ಓವರ್‌ಪೀರ್, ಮೀಡಿಯಾಡಿಫೆಂಡರ್ ಮುಂತಾದ ಸಂಸ್ಥೆಗಳು. ಹೊಸ ಹಾಡಿನ ಹೆಸರಿನಲ್ಲಿ ಗದ್ದಲ, ಮೌನ ಅಥವಾ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುವ ಸಾವಿರಾರು ಕಡತಗಳನ್ನು ಜಾಲಕ್ಕೆ ಸುರಿದು ಜನರಿಗೆ ಬೇಸರ ಬರಿಸುವುದೇ ಅವರ ಉಪಾಯ. 2003ರಲ್ಲಿ ಗಾಯಕಿ ಮಡೋನಾ ಅವರ ಹೊಸ ಆಲ್ಬಮ್ಮಿನ ಹೆಸರಲ್ಲಿ ಹರಿದಾಡಿದ ಇಂಥ ಕಡತ ತೆರೆದರೆ ಹಾಡಿನ ಬದಲು ಆಕೆಯದೇ ಬೈಗುಳ ಕೇಳಿಸುತ್ತಿತ್ತು! ನ್ಯೂಯಾರ್ಕಿನ ಬ್ರೂಕ್ಲಿನ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಜಾ ಓಡುತ್ತಿದ್ದ ಜಾಲದಲ್ಲಿ ಅನೇಕ ಜನಪ್ರಿಯ ಹೊಸ ಹಾಡುಗಳ ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟವಾಗಿದ್ದವು.

ಕಜಾದಲ್ಲಿ ಇದು ಅಷ್ಟು ಸುಲಭವಾಗಲು ತಾಂತ್ರಿಕ ಕಾರಣವೂ ಇತ್ತು. ಪ್ರತಿ ಕಡತಕ್ಕೂ ಗಣಿತದಿಂದ ಒಂದು ಬೆರಳಚ್ಚು ತೆಗೆಯಬಹುದು, ಅದನ್ನು ಹ್ಯಾಶ್ ಎನ್ನುತ್ತಾರೆ. ಒಂದಕ್ಷರ ಬದಲಾದರೂ ಬೆರಳಚ್ಚು ಬದಲಾಗಬೇಕು. ಆದರೆ ಕಜಾ ವೇಗಕ್ಕಾಗಿ ಕಡತದ ಮೊದಲ 300 ಕೆಬಿಯನ್ನೂ, ನಂತರ ದೂರ ದೂರದ ಕೆಲವು ತುಂಡುಗಳನ್ನೂ ಮಾತ್ರ ನೋಡುತ್ತಿತ್ತು. ಅಡಿಕೆ ಮೂಟೆಯ ಬಾಯಲ್ಲಿ ಬಿಳಿ ಚಾಲಿ ಹೊಳೆಯುತ್ತಿದ್ದರೆ ಒಳಗೆ ಕರಿಗೋಟು ತುಂಬಿದ್ದೂ ತಿಳಿಯದು, ಅದೇ ಕಥೆ. ನಡುವಿನ ಭಾಗ ಕೆಡಿಸಿದರೂ ಬೆರಳಚ್ಚು ಹಳೆಯದೇ ಉಳಿಯುತ್ತಿತ್ತು.

ಇಮ್ಯೂಲ್ ಬಳಸುವ ಜಾಲ ಕಡತವನ್ನು 97,28,000 ಬೈಟುಗಳ ತುಂಡು ಮಾಡಿ ಪ್ರತಿ ತುಂಡನ್ನೂ ಪೂರ್ತಿಯಾಗಿ ಪರೀಕ್ಷಿಸುತ್ತದೆ. ಬಿಟ್‌ಟೊರೆಂಟ್ ಕೂಡ ಹಾಗೆಯೇ, ಕೆಟ್ಟ ತುಂಡು ಬಂದರೆ ಎಸೆದು ಬೇರೆಯವರಿಂದ ತರಿಸುತ್ತದೆ. ಹಾಗಾದರೆ ಟೊರೆಂಟ್ ಸುರಕ್ಷಿತವೇ ಎಂದು ಕೇಳಬಹುದು. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಹ್ಯಾಶ್ ಹೇಳುವುದು ಲಕೋಟೆಯ ಅರಗು ಒಡೆದಿಲ್ಲ ಎಂದಷ್ಟೇ. ಒಳಗಿನ ಪತ್ರ ಸುಳ್ಳೋ ನಿಜವೋ ಅದಕ್ಕೆ ಗೊತ್ತಿಲ್ಲ. ಟೊರೆಂಟ್ ಮಾಡಿದವನೇ ಮೋಸಗಾರನಾದರೆ ಅವನ ವಿಷವನ್ನು ಒಂದು ಹನಿಯೂ ಚೆಲ್ಲದಂತೆ ನಿಮ್ಮ ಮನೆಗೆ ಮುಟ್ಟಿಸುವುದೂ ಅದೇ ಹ್ಯಾಶ್.

ಆದ್ದರಿಂದ ಟೊರೆಂಟ್ ಕೊಂಡಿ ಎಲ್ಲಿಂದ ಬಂತು ಎಂಬುದೇ ಮುಖ್ಯ. ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಜಾಲತಾಣಕ್ಕೆ 2016ರ ಫೆಬ್ರವರಿ 20ರಂದು ಕನ್ನ ಬಿತ್ತು. ಕಳ್ಳರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ತಮ್ಮ ಹಿಂಬಾಗಿಲಿದ್ದ ಪ್ರತಿಗೆ ತಿರುಗಿಸಿದರು. ಆದರೆ ಟೊರೆಂಟ್ ಮೂಲಕ ಇಳಿಸಿಕೊಂಡವರಿಗೆ ಏನೂ ಆಗಲಿಲ್ಲ ಎಂದು ಮಿಂಟ್ ತಂಡವೇ ತಿಳಿಸಿತು. ಎಲ್ಲರೂ ಹೆದರುವ ದಾರಿಯೇ ಆ ದಿನ ಕಾಪಾಡಿತು.

ಗುರುತಿಸುವುದು ಹೇಗೆ?

ಮೊದಲು ಅಳತೆ ನೋಡಿ. ನನ್ನಂಥ ಬಿ.ಎ. ಓದಿದವರಿಗೂ ಬರುವ ಲೆಕ್ಕವಿದು. 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ, 320ರದ್ದಾದರೆ ಸುಮಾರು 2.4 ಎಂಬಿ. ಐದು ನಿಮಿಷದ ಹಾಡು 300 ಕೆಬಿ ಎಂದು ತೋರಿಸಿದರೆ ಅದು ಹಾಡಲ್ಲ. ಎರಡೂವರೆ ಗಂಟೆಯ ಸಿನಿಮಾ 5 ಎಂಬಿ ಆಗುವುದೂ ಉಂಟೇ?

ಎರಡನೆಯದು ಬಾಲ, ಅಂದರೆ ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳು. ವಿಂಡೋಸ್ ಪರಿಚಿತ ಬಾಲಗಳನ್ನು ತಾನಾಗಿಯೇ ಅಡಗಿಸಿಡುತ್ತದೆ. ಹಾಗಾಗಿ "ಹಾಡು.ಎಂಪಿ3.ಇಎಕ್ಸ್‌ಇ" ಎಂಬುದು ನಿಮಗೆ "ಹಾಡು.ಎಂಪಿ3" ಎಂದೇ ಕಾಣುತ್ತದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿ. ಇಷ್ಟೊಂದೇ ಮಾಡಿದರೂ ಅರ್ಧ ಕಾಟ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಡು, ಪುಸ್ತಕ ಎಂದು ಬಂದದ್ದರ ಬಾಲದಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ಬ್ಯಾಟ್, ವಿಬಿಎಸ್, ಎಲ್‌ಎನ್‌ಕೆ ಇದ್ದರೆ ತೆರೆಯದೆ ಅಳಿಸಿ. ಅರಬ್ಬಿ, ಹೀಬ್ರೂ ಲಿಪಿಗಳಿಗಾಗಿ ಇರುವ ಬಲದಿಂದ ಎಡಕ್ಕೆ ತಿರುಗಿಸುವ ಗುಪ್ತ ಅಕ್ಷರ ಸೇರಿಸಿ ಬಾಲವನ್ನು ಹೆಸರಿನ ನಡುವೆ ಹುದುಗಿಸುವವರೂ ಇದ್ದಾರೆ. ಕಡತದ ಪಕ್ಕದ ಟೈಪ್ ಕಾಲಂನಲ್ಲಿ ಅಪ್ಲಿಕೇಶನ್ ಎಂದಿದ್ದರೆ ಗುಟ್ಟು ಹೊರಬಿತ್ತು.

ಇನ್ನು ಬಾಲ ಸರಿಯಿದ್ದೂ ಮೋಸ ಮಾಡುವವು. ಚಿತ್ರ ತೆರೆದರೆ "ಈ ಕೋಡೆಕ್ ಹಾಕಿಕೊಳ್ಳಿ" ಎಂಬ ಫಲಕ ಬರುತ್ತದೆ. 2005-06ರ ಸುಮಾರಿಗೆ ಝ್ಲಾಬ್ ಎಂಬ ಟ್ರೋಜನ್ ಹರಡಿದ್ದು ಕೋಡೆಕ್ ವೇಷದಲ್ಲೇ. ವಿಎಲ್‌ಸಿ ಪ್ಲೇಯರ್ ಎಂಬ ಉಚಿತ ತಂತ್ರಾಂಶ ಸಾಮಾನ್ಯ ಬಗೆಯ ಎಲ್ಲ ವಿಡಿಯೋ ಓಡಿಸುತ್ತದೆ, ಅದರಲ್ಲಿ ಓಡದಿದ್ದರೆ ಕಡತದ್ದೇ ದೋಷ ಎಂದುಕೊಳ್ಳಿ. ಬೀಗ ಹಾಕಿದ ಜಿಪ್ ಅಥವಾ ರಾರ್ ಗಂಟು, ಜೊತೆಗೆ "ಪಾಸ್‌ವರ್ಡಿಗೆ ಈ ತಾಣಕ್ಕೆ ಹೋಗಿ" ಎಂಬ ಚೀಟಿ ಇದ್ದರೆ ಅದು ಬರೀ ಬಲೆ.

ಹುಡುಕುವ ಜಾಲಗಳಲ್ಲಿ ಹಳಬರು ಬಳಸುತ್ತಿದ್ದ ತಮಾಷೆಯ ಪರೀಕ್ಷೆಯೊಂದಿದೆ. ಅರ್ಥವಿಲ್ಲದ ಅಕ್ಷರಗಳನ್ನು ಕುಟ್ಟಿ ಹುಡುಕುವುದು. ಅದೇ ಹೆಸರಿನ "ಹಾಡು" ಸಿಕ್ಕಿತೆಂದರೆ, ಕೇಳಿದ್ದಕ್ಕೆಲ್ಲ ಇದೆ ಎನ್ನುವ ಸುಳ್ಳುಗಾರ ಅಲ್ಲಿದ್ದಾನೆ ಎಂದಾಯಿತು.

ಟೊರೆಂಟ್ ಪಟ್ಟಿಯಲ್ಲಿ ಸಾವಿರಾರು ಸೀಡರ್ ಇದ್ದಾರೆಂದು ತೋರಿಸುವ ಅಂಕಿಯನ್ನೂ ಸುಳ್ಳಾಗಿ ಉಬ್ಬಿಸಬಹುದು. ನಿನ್ನೆ ಬಿಡುಗಡೆಯಾದ ಸಿನಿಮಾದ ಹೆಸರೇ ನಕಲಿಗಳ ಮೆಚ್ಚಿನ ಗಾಳ. ಎರಡು ಭಾಷೆಯಲ್ಲಿ ನೋಡುವ ನಮ್ಮ ಗಡಿಯ ಊರುಗಳಲ್ಲಿ ಕನ್ನಡ ಧ್ವನಿ ಎಂದು ಬರೆದದ್ದು ತೆರೆದಾಗ ಇನ್ನೊಂದು ಭಾಷೆ ಮಾತಾಡುವುದೂ ಉಂಟು. ಇದರ ಮೇಲೆ, ಕೃತಿಸ್ವಾಮ್ಯವಿರುವುದನ್ನು ಹಂಚುವುದು 1957ರ ಕಾಯಿದೆಯ 63ನೇ ಕಲಮಿನಂತೆ ಅಪರಾಧ, ಮೂರು ವರ್ಷದವರೆಗೆ ಸೆರೆಮನೆ. ಟೊರೆಂಟಿನಲ್ಲಿ ಇಳಿಸಿಕೊಳ್ಳುವವನು ಅದೇ ಹೊತ್ತಿಗೆ ಇತರರಿಗೆ ಹಂಚುತ್ತಲೂ ಇರುತ್ತಾನೆ ಎಂಬುದನ್ನು ಮರೆಯಬೇಡಿ.

ನ್ಯಾಯವಾಗಿ ಸಿಗುವುದೂ ಸಾಕಷ್ಟಿದೆ. ಲಿನಕ್ಸ್, ಲಿಬ್ರೆಆಫೀಸ್ ತಮ್ಮ ತಾಣಗಳಲ್ಲೇ ಟೊರೆಂಟ್ ಕೊಡುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ, ಆ ತಾಣ 2012ರಿಂದ ಟೊರೆಂಟ್ ಸೌಲಭ್ಯವನ್ನೂ ಇಟ್ಟಿದೆ. ಕನ್ನಡ ಪುಸ್ತಕದಂಗಡಿ ಗಡಿಯಾಚೆಗೆ ಉಳಿದುಹೋದ ಊರಿನವರಿಗೆ ಇದು ಸಣ್ಣ ಮಾತಲ್ಲ. ತಂತ್ರಾಂಶ ಇಳಿಸಿಕೊಂಡರೆ ಮೂಲ ತಾಣದಲ್ಲಿ ಕೊಟ್ಟ ಎಸ್‌ಎಚ್‌ಎ 256 ಹ್ಯಾಶನ್ನು ತಾಳೆ ನೋಡಿ. ಸೆವೆನ್ ಜಿಪ್ ಇದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿದಾಗ ಸಿಆರ್‌ಸಿ ಎಸ್‌ಎಚ್‌ಎ ಪಟ್ಟಿಯಲ್ಲಿ ಅದು ಸಿಗುತ್ತದೆ. 64 ಅಕ್ಷರಗಳೂ ಹೊಂದಬೇಕು. ಅನುಮಾನವಿದ್ದರೆ ವೈರಸ್‌ಟೋಟಲ್ ತಾಣಕ್ಕೆ 650 ಎಂಬಿವರೆಗಿನ ಕಡತ ಹಾಕಿ ಪರೀಕ್ಷಿಸಬಹುದು. ಮನೆಯ ದಾಖಲೆಪತ್ರ ಮಾತ್ರ ಅಲ್ಲಿಗೆ ಹಾಕಬಾರದು, ಅಲ್ಲಿ ಹಾಕಿದ್ದು ಭದ್ರತಾ ಕಂಪೆನಿಗಳ ಕೈಗೂ ಹೋಗುತ್ತದೆ.

ಈಗ ಇದೇ ಹಳೆಯ ಬಾಲದ ಮೋಸ ಮೊಬೈಲಿಗೆ ಬಂದಿದೆ. 2024ರಲ್ಲಿ ದೇಶದ ಹಲವೆಡೆ ವಾಟ್ಸ್ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ ಎಂದು ಬಂದ ಕಡತದ ಕೊನೆಯಲ್ಲಿ ಎಪಿಕೆ ಎಂದಿತ್ತು. ಕರೆಯೋಲೆ ಚಿತ್ರವೋ ಪಿಡಿಎಫ್ಫೋ ಆಗಿರುತ್ತದೆ. ಎಪಿಕೆ ಎಂದರೆ ಆ್ಯಪ್, ಅದನ್ನು ಹಾಕಿಕೊಂಡರೆ ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶ ಬೇರೆಯವರ ಕೈ ಸೇರಬಹುದು. ಗುರುತಿನವರ ನಂಬರಿನಿಂದ ಬಂದಿದ್ದರೂ ನಂಬುವಂತಿಲ್ಲ, ಅವರ ಫೋನೇ ಮೊದಲು ಕೆಟ್ಟಿರಬಹುದು.

ನಕಲಿ ಎಂದು ತಿಳಿದ ಕೂಡಲೇ ಅದನ್ನು ಅಳಿಸಿ, ಹಂಚಿಕೆ ಪಟ್ಟಿಯಿಂದಲೂ ತೆಗೆಯಿರಿ. ಕೆಟ್ಟ ಪ್ರತಿಯನ್ನು ಜನ ಅಳಿಸದೆ ಹಾಗೇ ಬಿಟ್ಟಾಗ ಅದು ಅವರ ಗಣಕಯಂತ್ರಗಳಿಂದಲೇ ಮುಂದಕ್ಕೆ ಹರಡುತ್ತದೆ. ತೆರೆದೇಬಿಟ್ಟಿದ್ದರೆ ಮೊದಲು ಇಂಟರ್‌ನೆಟ್ ಸಂಪರ್ಕ ಕಡಿದು, ಬೇರೊಂದು ಸಾಧನದಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ, ಕರ್ನಾಟಕ ಎಲ್ಲ ಕಡೆಗೂ ಅದೊಂದೇ ನಂಬರು.