ವಿಚ್ಛೇದನ: ಮಧ್ಯಸ್ಥಿಕೆ ಎಂದರೆ ಪಂಚಾಯ್ತಿಯಲ್ಲ

ಸಾಲಿಗ್ರಾಮ: ಗಂಡ-ಹೆಂಡಿರ ಜಗಳವನ್ನು ಊರ ಹತ್ತು ಸಮಸ್ತರು ಕುಳಿತು ತೀರ್ಮಾನಿಸುವುದು ಕರಾವಳಿಗೆ ಹೊಸತಲ್ಲ. ನ್ಯಾಯಾಲಯದ ಮಧ್ಯಸ್ಥಿಕೆಯೂ ಅದೇ ಎಂದು ಭಾವಿಸುವವರುಂಟು. ಆದರೆ ಮಧ್ಯಸ್ಥಗಾರರು ತೀರ್ಪು ಹೇಳುವಂತಿಲ್ಲ. ಇಬ್ಬರನ್ನೂ ಒಟ್ಟಿಗೆ, ಬೇಕಿದ್ದರೆ ಪ್ರತ್ಯೇಕವಾಗಿ ಆಲಿಸಿ, ಜೀವನಾಂಶ, ಮಕ್ಕಳ ಪಾಲನೆ, ಒಡವೆ-ವಸ್ತುಗಳ ವಾಪಸಾತಿ ಕುರಿತು ಅವರೇ ಒಪ್ಪಂದಕ್ಕೆ ಬರಲು ನೆರವಾಗುತ್ತಾರೆ. ಅಲ್ಲಿ ಆಡಿದ ಮಾತು ಗೋಪ್ಯ. ಮುಂದೆ ವಿಚಾರಣೆಯಲ್ಲಿ ಸಾಕ್ಷ್ಯವಾಗದು.

ರಾಜ್ಯ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾದುದು 2007ರಲ್ಲಿ. ರಾಜಿಯ ಸಾಧ್ಯತೆಯುಳ್ಳ ವೈವಾಹಿಕ ವ್ಯಾಜ್ಯಗಳನ್ನು ಮೊದಲ ಹಂತದಲ್ಲೇ ಮಧ್ಯಸ್ಥಿಕೆಗೆ ಒಪ್ಪಿಸುವಂತೆ ಸುಪ್ರೀಂ ಕೋರ್ಟ್ 2013ರಲ್ಲಿ ಸೂಚಿಸಿತು.

ಮಧ್ಯಸ್ಥಿಕೆಯಿಂದಲೇ ವಿಚ್ಛೇದನ ದೊರೆಯದು ಎಂಬುದನ್ನು ಮಾತ್ರ ಮರೆಯಬಾರದು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ ಪರಸ್ಪರ ಸಮ್ಮತಿಯಿದ್ದರೂ ಡಿಕ್ರಿ ನೀಡಬೇಕಾದುದು ನ್ಯಾಯಾಲಯವೇ. ಊರವರೆದುರು ಛಾಪಾಕಾಗದದಲ್ಲಿ ಬರೆದುಕೊಂಡ ಬಿಡುಗಡೆ ಪತ್ರವನ್ನು ನಂಬಿ ಮರುಮದುವೆಯಾದರೆ, ಅಂಥ ವಿಚ್ಛೇದನಕ್ಕೆ ಜಾತಿ ಸಂಪ್ರದಾಯದ ಮಾನ್ಯತೆ ಸಾಬೀತಾಗದ ಹೊರತು, ಎರಡನೆಯ ಮದುವೆ ಅಸಿಂಧುವಾಗುತ್ತದೆ. ಇದರ ಪೆಟ್ಟು ಬೀಳುವುದು ಹೆಚ್ಚಾಗಿ ಹೆಣ್ಣಿಗೇ.

ಹಿಂಸೆಗೊಳಗಾದವರು ಒತ್ತಡಕ್ಕೆ ಮಣಿದು ರಾಜಿಗೆ ಸಹಿ ಹಾಕಬೇಕಿಲ್ಲ. ಅವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಬೇರೆಯೇ ಇದೆ. ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ವಕೀಲರ ನೆರವಿಗೆ ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.